ಕಲೆ, ಇತಿಹಾಸ, ಸಮಾಜಶಾಸ್ತ್ರ ಮೂರನ್ನೂ ಸೇರಿಸಿ ಸಂಶೋಧನೆ ಮಾಡಬಹುದೇ? ವೀರಗಲ್ಲು ನೋಡಿ ಹೇಳುತ್ತೇನೆ

ಇತಿಹಾಸದಲ್ಲಿ ಎಂ.ಎ. ಮುಗಿಸಿದ್ದೀರಿ, ಚಿತ್ರ ಬಿಡಿಸುತ್ತೀರಿ, ಸಮಾಜಶಾಸ್ತ್ರವನ್ನೂ ಸೇರಿಸಿಕೊಂಡು ಪಿಎಚ್.ಡಿ. ಮಾಡುವ ಆಸೆಯಿದೆ. ಆದರೆ ನಿಮ್ಮ ಮೇಷ್ಟ್ರು ‘ಒಂದನ್ನೇ ಗಟ್ಟಿಯಾಗಿ ಹಿಡಿ, ಮೂರು ದೋಣಿಯಲ್ಲಿ ಕಾಲಿಡಬೇಡ’ ಅನ್ನುತ್ತಿದ್ದಾರೆ. ಅಂತರಶಿಸ್ತೀಯ ಸಂಶೋಧನೆ ಅಂದರೆ ನಿಜಕ್ಕೂ ಏನು, ಎಲ್ಲಿಂದ ಶುರುಮಾಡುವುದು ಅಂತ ಕೇಳಿದ್ದೀರಿ.

ನಾನು ಡಿಗ್ರಿ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವವನು. ನನ್ನ ಪಿಎಚ್.ಡಿ. ಶಿವಮೊಗ್ಗ ಜಿಲ್ಲೆಯ ವೀರಗಲ್ಲುಗಳ ಮೇಲೆ, ಅಂದರೆ ಹೋರಾಡಿ ಸತ್ತವರ ನೆನಪಿಗೆ ನೆಟ್ಟ ಕಲ್ಲುಗಳ ಮೇಲೆ. ನಿಮ್ಮ ಮೇಷ್ಟ್ರ ಮಾತನ್ನು ಪೂರ್ತಿ ತಳ್ಳಿಹಾಕಬೇಡಿ. ಮೂರು ವಿಷಯಗಳ ಹೆಸರು ಬರೆದುಕೊಂಡು, ಇವನ್ನು ಹೇಗೆ ಬೆಸೆಯಲಿ ಅಂತ ಕೂತರೆ ಮೂರೂ ಕೈಕೊಡುತ್ತವೆ. ಅದರ ಬದಲು ಒಂದು ವಸ್ತುವನ್ನು ಹಿಡಿದುಕೊಳ್ಳಿ. ಯಾವ ಶಾಸ್ತ್ರ ಬೇಕು, ಎಷ್ಟು ಬೇಕು ಅಂತ ಅದೇ ಕೇಳುತ್ತಾ ಹೋಗುತ್ತದೆ. ಈ ಉತ್ತರದಲ್ಲಿ ನಾನು ಹೇಳಬೇಕಾದ್ದು ಇಷ್ಟೇ. ಉಳಿದದ್ದು ಉದಾಹರಣೆ.

ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಆತಕೂರಿನ ಕಲ್ಲು ಇದೆ. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನಿಂದ ಬಂದದ್ದು, ಕಾಲ ಕ್ರಿ.ಶ. 949-50. ರಾಷ್ಟ್ರಕೂಟ ಮೂರನೇ ಕೃಷ್ಣ ಈಗಿನ ತಮಿಳುನಾಡಿನ ತಕ್ಕೋಲದಲ್ಲಿ ಚೋಳರನ್ನು ಸೋಲಿಸಿದ್ದು, ಆ ಯುದ್ಧದಲ್ಲಿ ಅವನ ಸಾಮಂತ ಗಂಗ ಬೂತುಗ ಚೋಳ ರಾಜಾದಿತ್ಯನನ್ನು ಕೊಂದದ್ದು ಇದರಲ್ಲಿದೆ. ಹಾಗಾಗಿ ದಕ್ಷಿಣ ಭಾರತದ ರಾಜಕೀಯ ಇತಿಹಾಸ ಬರೆದವರೆಲ್ಲ ಈ ಕಲ್ಲನ್ನು ಉಲ್ಲೇಖಿಸುತ್ತಾರೆ. ರಾಜಾದಿತ್ಯ ಸತ್ತ, ಚೋಳರು ಹಿಂದೆ ಸರಿದರು, ಅಡಿಟಿಪ್ಪಣಿಯಲ್ಲಿ ಆತಕೂರು, ಅಲ್ಲಿಗೆ ಮುಗಿಯಿತು.

ಈಗ ಕಲ್ಲಿನ ಮುಂದೆ ನಿಂತು ನೋಡಿ. ಅಲ್ಲಿ ಕೆತ್ತಿರುವುದು ರಾಜನನ್ನೂ ಅಲ್ಲ, ಆನೆಯನ್ನೂ ಅಲ್ಲ. ಒಂದು ನಾಯಿ, ಒಂದು ಹಂದಿ, ಎರಡೂ ಕಚ್ಚಾಡುತ್ತಿವೆ. ಕಲ್ಲು ನೆಟ್ಟಿದ್ದೇ ಆ ನಾಯಿಗಾಗಿ. ತಕ್ಕೋಲದಲ್ಲಿ ಬೂತುಗನ ಪರವಾಗಿ ಕಾದಿದ ಮಣಲೇರನಿಗೆ ಒಡೆಯ ಮೆಚ್ಚಿ ‘ಬೇಕಾದ್ದು ಕೇಳು’ ಅಂದಾಗ ಅವನು ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ಕಾಳಿ ಬೆಳತೂರಿನ ಹತ್ತಿರ ಒಂದು ದೊಡ್ಡ ಹಂದಿಯ ಮೇಲೆ ಬಿದ್ದಿತು. ಹಂದಿಯೂ ಸತ್ತಿತು, ನಾಯಿಯೂ ಸತ್ತಿತು. ಮಣಲೇರ ಆತಕೂರಿನ ಚಲ್ಲೇಶ್ವರ ಗುಡಿಯ ಮುಂದೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಕೆರೆ ಕೆಳಗಿನ ಗದ್ದೆ ಬಿಟ್ಟ. ಗುಡಿಯ ಗೊರವ (ಶೈವ ಪೂಜಾರಿ) ಆ ಕಲ್ಲನ್ನು ಪೂಜಿಸದೆ ಉಂಡರೆ ಅವನಿಗೆ ಪಾಪ ತಟ್ಟಲಿ ಅಂತಲೂ ಬರೆಸಿದ.

ಬರೀ ಶಾಸನಪಾಠ ಓದಿದವನಿಗೆ ನಾಯಿ ಒಂದು ಸ್ವಾರಸ್ಯದ ಕಥೆ, ಅಷ್ಟೇ. ಬರೀ ಶಿಲ್ಪ ನೋಡಿದವನಿಗೆ ತಕ್ಕೋಲ ಬೇಕಾಗುವುದಿಲ್ಲ. ಇನ್ನು ಗದ್ದೆ ಯಾರ ಕೈಯಿಂದ ಯಾರ ಕೈಗೆ ಹೋಯಿತು, ಗೊರವ ಯಾರ ಆಳು, ಊಟದ ಮೇಲೆ ಯಾಕೆ ಶಾಪ ಹಾಕಬೇಕು ಅನ್ನುವುದು ಸಮಾಜಶಾಸ್ತ್ರದವರು ಕೇಳುವ ಪ್ರಶ್ನೆ. ಮೂರನ್ನೂ ಒಟ್ಟಿಗೆ ಇಟ್ಟಾಗ ಹೊಸದೊಂದು ಪ್ರಶ್ನೆ ಏಳುತ್ತದೆ: ಇಡೀ ಸಾಮ್ರಾಜ್ಯದ ಗೆಲುವನ್ನು ಒಬ್ಬ ಸಾಮಂತನ ಸಾಮಂತ ತನ್ನ ನಾಯಿಯ ಕಥೆಗೆ ಪೀಠಿಕೆಯಾಗಿ ಬಳಸಿಕೊಂಡದ್ದು ಯಾಕೆ? ನಾಯಿ ಒಡೆಯನ ಕೈಯಿಂದ ಬಂದದ್ದು, ನಾಯಿಯ ಗೌರವ ಒಡೆಯನ ಮೆಚ್ಚುಗೆಯ ಗೌರವ, ಆ ಮೆಚ್ಚುಗೆಗೆ ಊರ ಮಧ್ಯೆ ಸಾಕ್ಷಿ ಈ ಕಲ್ಲು. ಇದು ನನ್ನ ಓದು. ನೀವು ಒಪ್ಪದಿರಬಹುದು, ಆದರೆ ಒಂದೇ ವಿಭಾಗದೊಳಗೆ ಕೂತವರಿಗೆ ಈ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ.

ಇದಕ್ಕೆ ನಮ್ಮ ಆಕರಗಳ ಜೋಡಣೆಯೂ ಒಂದು ಕಾರಣ. ಬಿ.ಎಲ್. ರೈಸ್ 1886ರಿಂದ ಪ್ರಕಟಿಸತೊಡಗಿದ, ನಾಡಿನ ಶಾಸನಗಳ ಪಾಠ ಕೊಡುವ ಎಪಿಗ್ರಾಫಿಯಾ ಕರ್ನಾಟಿಕ ಸಂಪುಟಗಳು ಇಲ್ಲದಿದ್ದರೆ ನಮ್ಮಂಥವರಿಗೆ ಅನ್ನವಿರಲಿಲ್ಲ. ಆದರೆ ಆ ಸಂಪುಟಗಳ ಗಮನ ಅಕ್ಷರದ ಮೇಲೆ. ಅಕ್ಷರದ ಮೇಲೂ ಕೆಳಗೂ ಏನು ಕೆತ್ತಿದೆ ಅನ್ನುವುದು ಬಹುಪಾಲು ಅಲ್ಲಿ ಸಿಗುವುದಿಲ್ಲ. ಅಕ್ಷರವೇ ಇಲ್ಲದ ವೀರಗಲ್ಲುಗಳಿಗಂತೂ ಆ ಪುಸ್ತಕದಲ್ಲಿ ಜಾಗವೇ ಇಲ್ಲ, ಮತ್ತು ಹಳ್ಳಿಗಳಲ್ಲಿ ಅಂಥವು ರಾಶಿ ಬಿದ್ದಿವೆ. ಶಿಲ್ಪದ ವಿವರ ಪುರಾತತ್ವ ಇಲಾಖೆಯ ವರದಿಗೆ ಹೋಯಿತು. ಊರವರು ಅದೇ ಕಲ್ಲನ್ನು ಬೀರಪ್ಪ ಅಂತ ಪೂಜಿಸುವ ಸಂಗತಿ ಜಾನಪದ ವಿಭಾಗಕ್ಕೆ ಹೋಯಿತು. ಹೀಗೆ ಒಂದೇ ಕಲ್ಲಿಗೆ ಮೂರು ಕಡತಗಳಾಗಿ, ಒಂದು ಕಡತದವರು ಇನ್ನೊಂದನ್ನು ತೆರೆಯುವುದಿಲ್ಲ. ಅವನ್ನು ಮತ್ತೆ ಒಂದೇ ಮೇಜಿನ ಮೇಲೆ ತರುವುದು ಹೆಚ್ಚು ಓಡಾಟದ ಕೆಲಸ, ದೊಡ್ಡ ಥಿಯರಿ ಆಮೇಲೆ.

ಕಲ್ಲನ್ನು ಓದುವ ಬಗೆಯನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ನಿಮಗೆ ಚಿತ್ರ ಗೊತ್ತಿರುವುದರಿಂದ ಇದು ಇಷ್ಟವಾದೀತು. ಸಾಮಾನ್ಯವಾಗಿ ವೀರಗಲ್ಲಿನಲ್ಲಿ ಮೂರು ಪಟ್ಟಿಕೆ. ಕೆಳಗಿನದರಲ್ಲಿ ಹೋರಾಟ: ವೀರ ದೊಡ್ಡದಾಗಿ, ಎದುರಾಳಿಗಳು ಚಿಕ್ಕದಾಗಿ, ತುರುಗೊಳ್ (ದನ ಹೊಡೆದುಕೊಂಡು ಹೋಗುವ ದಾಳಿ) ಆಗಿದ್ದರೆ ಒಂದು ಮೂಲೆಯಲ್ಲಿ ದನಗಳ ಸಾಲು. ನಡುವಿನದರಲ್ಲಿ ಅಪ್ಸರೆಯರು ಅವನನ್ನು ಮೇಲಕ್ಕೆ ಕರೆದೊಯ್ಯುತ್ತಾರೆ. ಮೇಲಿನದರಲ್ಲಿ ಲಿಂಗದ ಮುಂದೆ ಅವನು ಕೈಮುಗಿದು ಕೂತಿರುತ್ತಾನೆ, ಪಕ್ಕದಲ್ಲಿ ಪೂಜೆ ಮಾಡುವವನು, ತುದಿಯಲ್ಲಿ ಸೂರ್ಯ ಚಂದ್ರ. ಬರಹವಿದ್ದರೆ ಪಟ್ಟಿಕೆಗಳ ನಡುವಿನ ಅಂಚಿನಲ್ಲಿ.

ಇನ್ನು ಅನೇಕ ವೀರಗಲ್ಲುಗಳಲ್ಲಿ ಬರುವ ಶ್ಲೋಕ ನಿಮಗೆ ಗೊತ್ತಿರಬಹುದು: ‘ಜಿತೇನ ಲಭ್ಯತೇ ಲಕ್ಷ್ಮೀ ಮೃತೇನಾಪಿ ಸುರಾಂಗನಾ, ಕ್ಷಣವಿಧ್ವಂಸಿನಿ ಕಾಯೇ ಕಾ ಚಿಂತಾ ಮರಣೇ ರಣೇ’. ಗೆದ್ದರೆ ಸಿರಿ, ಸತ್ತರೆ ಸುರಾಂಗನೆ, ಕ್ಷಣದಲ್ಲಿ ನಾಶವಾಗುವ ಮೈಗೆ ರಣದಲ್ಲಿ ಸಾವಿನ ಚಿಂತೆ ಏಕೆ ಅಂತ. ಸಾಹಿತ್ಯದವರು ಇದನ್ನು ವೀರರಸದ ಉದಾಹರಣೆಯಾಗಿ ಕೊಡುತ್ತಾರೆ. ಕಲ್ಲಿನ ನಡುವಿನ ಪಟ್ಟಿಕೆ ನೋಡಿ, ಅದು ಈ ಶ್ಲೋಕದ ಎರಡನೇ ಪಾದದ ಚಿತ್ರವೇ. ಸಂಸ್ಕೃತ ಬಾರದ, ಓದಲೂ ಬಾರದ ದನ ಕಾಯುವ ಹುಡುಗನಿಗೂ ಸಂದೇಶ ತಲುಪುತ್ತಿತ್ತು. ಊರ ತಳವಾರನಾಗಲಿ, ಬೇಡನಾಗಲಿ, ಬದುಕಿದ್ದಾಗ ಚಾಮರ ಕಂಡವನಲ್ಲ. ಕಲ್ಲಿನ ಮೇಲೆ ಅವನ ಎರಡೂ ಪಕ್ಕ ಚಾಮರ ಬೀಸುತ್ತಾರೆ.

ಇಲ್ಲಿ ಲೆಕ್ಕದ ಪ್ರಶ್ನೆ ಬರುತ್ತದೆ. ಸತ್ತವನ ಮನೆಯವರಿಗೆ ಭೂಮಿ ಸಿಗುತ್ತಿತ್ತು. ಶಾಸನಗಳಲ್ಲಿ ಇದಕ್ಕೆ ಬಾಳ್ಗಚ್ಚು, ನೆತ್ತರುಗೊಡಗಿ, ಕಲ್ನಾಡು ಅಂತೆಲ್ಲ ಹೆಸರುಗಳಿವೆ. ಅಂದರೆ ಸತ್ತವನಿಗೆ ಸ್ವರ್ಗ, ಉಳಿದವರಿಗೆ ಗದ್ದೆ. ಊರನ್ನು ಕಾಯಲು ಸಂಬಳದ ಸೈನ್ಯವಿಲ್ಲದ ಕಾಲದಲ್ಲಿ ಈ ಏರ್ಪಾಟು ಯಾರಿಗೆ ಲಾಭ, ಯಾರ ಮನೆಯ ಗಂಡಸರು ಹೆಚ್ಚು ಸತ್ತರು, ಕಲ್ಲಿನ ಖರ್ಚು ಕೊಟ್ಟವರು ಅಣ್ಣತಮ್ಮಂದಿರೋ ಊರ ಮುಖ್ಯಸ್ಥ ಗಾವುಂಡನೋ? ಒಂದು ತಾಲ್ಲೂಕಿನ ಕಲ್ಲುಗಳನ್ನಷ್ಟೇ ಪಟ್ಟಿ ಮಾಡಿದರೂ ಈ ಪ್ರಶ್ನೆಗಳಿಗೆ ಒಂದಷ್ಟು ಉತ್ತರ ಸಿಗುತ್ತದೆ. ರಾಜವಂಶಗಳ ಪಟ್ಟಿಯಿಂದ ಸಿಗುವುದಿಲ್ಲ.

ಹೆಂಗಸರ ವಿಷಯ ಇನ್ನೂ ಸಿಕ್ಕು. ಸತಿ ಹೋದವಳ ನೆನಪಿಗೆ ನೆಟ್ಟ ಮಾಸ್ತಿಕಲ್ಲಿನಲ್ಲಿ ಮಡಿಸಿ ಎತ್ತಿದ ತೋಳು, ಕೈತುಂಬಾ ಬಳೆ, ಕೆಲವು ಕಡೆ ಬೆರಳ ನಡುವೆ ನಿಂಬೆಹಣ್ಣು. ಎಷ್ಟೋ ಕಡೆ ತೋಳು ಮಾತ್ರ, ಮುಖವಿಲ್ಲ, ಹೆಸರಿಲ್ಲ. ಗಂಡನ ಜೊತೆಗೇ ಕೆತ್ತಿರುವ ಕಲ್ಲುಗಳಲ್ಲಂತೂ ಅವನನ್ನು ಅಪ್ಸರೆಯರು ಕರೆದೊಯ್ಯುತ್ತಿರುತ್ತಾರೆ, ಅವನಿಗಾಗಿ ಬೆಂಕಿಗೆ ಬಿದ್ದವಳ ತೋಳು ಪಕ್ಕದಲ್ಲಿ ನಿಂತಿರುತ್ತದೆ. ಇದಕ್ಕೆ ಎದುರಾಗಿ ಎಚ್.ಡಿ. ಕೋಟೆ ತಾಲ್ಲೂಕಿನ ಬೆಳತೂರಿನ 1057ರ ದೇಕಬ್ಬೆಯ ಶಾಸನ ಇಡಿ. (ಕಾಳಿ ಸತ್ತ ಬೆಳತೂರೇ ಇದು ಅಂದುಕೊಳ್ಳಬೇಡಿ.) ಅದು ಪದ್ಯದಲ್ಲಿರುವ ದೊಡ್ಡ ಬರಹ. ಗಂಡ ಏಚ ಮಲ್ಲಯುದ್ಧದಲ್ಲಿ ದಾಯಾದಿಯನ್ನು ಕೊಂದು, ತಲಕಾಡಿನಲ್ಲಿ ಚೋಳರಿಂದ ಮರಣದಂಡನೆಗೆ ಒಳಗಾದ. ಸುದ್ದಿ ಕೇಳಿದ ದೇಕಬ್ಬೆಯನ್ನು ಹೆತ್ತವರು ಬೇಡ ಅಂತ ತಡೆದರು, ಅವಳು ಕೇಳಲಿಲ್ಲ, ಬೆಂಕಿಗೆ ಬಿದ್ದಳು. ಕನ್ನಡ ಎಂ.ಎ. ತರಗತಿಯಲ್ಲಿ ಇದನ್ನು ಕಾವ್ಯಗುಣಕ್ಕಾಗಿ ಓದಿಸುತ್ತಾರೆ, ಓದಿದವರ ಕಣ್ಣು ಒದ್ದೆಯಾಗುತ್ತದೆ. ನನಗೆ ಮಾತ್ರ ಇದನ್ನು ಬರೀ ಕಾವ್ಯವಾಗಿ ಓದುವುದು ಈಗ ಆಗುವುದಿಲ್ಲ. ಅವಳ ಬಾಯಲ್ಲಿ ಮಾತು ಇಟ್ಟವನು ಕವಿ, ಕಲ್ಲು ನೆಡಿಸಿದವರು ಉಳಿದವರು. ಅವಳು ನಿಜಕ್ಕೂ ಏನಂದಳು ಅನ್ನುವುದಕ್ಕೆ ಕಲ್ಲು ಸಾಕ್ಷಿಯಲ್ಲ. ಹೀಗಂದರೆ ಸಾಹಿತ್ಯದ ಗೆಳೆಯರು ಸಿಟ್ಟಾಗುತ್ತಾರೆ. ಆಗಲಿ, ಈ ಜಗಳ ಬೇಕು. ಮೂರು ಶಾಸ್ತ್ರಗಳೂ ಒಂದೇ ಮಾತು ಹೇಳುವುದಾದರೆ ಮೂರನ್ನು ಓದುವ ಕಷ್ಟ ಯಾಕೆ?

ಕ್ಷೇತ್ರಕಾರ್ಯದಲ್ಲೂ ಇದೇ ಜಗಳ ಎದುರಾಗುತ್ತದೆ. ಸೊರಬ ಸೀಮೆಯ ಒಂದು ಊರಿನಲ್ಲಿ ಎಣ್ಣೆ ಕುಡಿದು ಕರ್ರಗಾದ ವೀರಗಲ್ಲಿದೆ. ಹಗಲಿನಲ್ಲಿ ಒಂದು ಅಕ್ಷರವೂ ಕಾಣುವುದಿಲ್ಲ. ಕತ್ತಲಾದ ಮೇಲೆ ಟಾರ್ಚನ್ನು ಪಕ್ಕದಿಂದ, ಕಲ್ಲಿಗೆ ತಾಗುವಂತೆ ಓರೆಯಾಗಿ ಹಿಡಿದರೆ ಅಂಚಿನ ಸಾಲು ಎದ್ದು ಬರುತ್ತದೆ: ತುರು ಬಿಡಿಸಲು ಹೋಗಿ ಸತ್ತ ಅಂತಿದೆ. ಆದರೆ ಪೂಜೆ ಮಾಡುವ ಅಜ್ಜ ಹೇಳುವ ಕಥೆಯಲ್ಲಿ ಅವನು ಹುಲಿ ಕೊಂದವನು. ‘ದನ ಕದಿಯೋಕೆ ಬಂದೋರನ್ನ ಹೊಡೆದ ಅಂತ ಬರ್ದೈತೆ ಅಜ್ಜ’ ಅಂದೆ. ‘ಬರ್ದೋರ್ಗೇನ್ ಗೊತ್ತು ತಮ್ಮಾ, ದನಕ್ಕೆ ಹುಲಿ ಬರ್ದೆ ಇನ್ನೇನ್ ಬರ್ತೈತೆ’ ಅಂದರು. ಇಲ್ಲಿ ಶಾಸನ ಸರಿ, ಅಜ್ಜ ತಪ್ಪು ಅಂತ ಬರೆದು ಮುಂದೆ ಹೋಗುವುದು ಇತಿಹಾಸದ ವಿದ್ಯಾರ್ಥಿಗೆ ಸುಲಭ. ದಂಡು ಬಂದು ದನ ಹೊಡೆದುಕೊಂಡು ಹೋಗುವ ಕಾಲ ಮುಗಿದು, ಊರಿನ ಭಯ ಕಾಡಿನ ಕಡೆ ತಿರುಗಿದಾಗ ಕಥೆಯೂ ತಿರುಗಿರಬಹುದು. ಎರಡನ್ನೂ ಬರೆದುಕೊಳ್ಳಿ. ಮೊದಲನೆಯದು ಆ ಕಾಲದ ಆಕರ, ಎರಡನೆಯದು ಕಲ್ಲು ಆಮೇಲೆ ಬದುಕಿದ ಬದುಕಿನ ಆಕರ.

ಇದನ್ನೆಲ್ಲ ಮೊದಲು ಮಾಡಿದವನು ನಾನಲ್ಲ. ಧಾರವಾಡದ ಷ. ಶೆಟ್ಟರ್ ಮತ್ತು ಹೈಡಲ್‌ಬರ್ಗಿನ ಗುಂಥರ್ ಸೋಂಥೈಮರ್ ಸೇರಿ ಸಂಪಾದಿಸಿದ ಸ್ಮಾರಕಶಿಲೆಗಳ ಇಂಗ್ಲಿಷ್ ಸಂಪುಟ 1982ರಲ್ಲೇ ಬಂದಿದೆ. ಶೆಟ್ಟರ್ ಶಾಸನ ಮತ್ತು ಕಲಾ ಇತಿಹಾಸದವರು. ಸೋಂಥೈಮರ್ ಹಿಂದೂ ಕಾನೂನಿನ ಮೇಲೆ ಕೆಲಸ ಮಾಡಿ, ಮಹಾರಾಷ್ಟ್ರದ ಧನಗರ ಕುರಿಗಾರರ ದೇವರುಗಳ ಹಿಂದೆ ಬಿದ್ದವರು. ಇಬ್ಬರೂ ತಮ್ಮ ತಮ್ಮ ಶಾಸ್ತ್ರದಲ್ಲಿ ಪಳಗಿದವರು. ಅದಕ್ಕೇ ನಿಮ್ಮ ಮೇಷ್ಟ್ರ ಮಾತನ್ನು ತಳ್ಳಿಹಾಕಬೇಡಿ ಅಂದದ್ದು. ಒಂದಾದರೂ ಕಸುಬು ಕೈಗೆ ಹತ್ತಿರಬೇಕು. ನಾನು ಮೌಲ್ಯಮಾಪನಕ್ಕೆ ನೋಡಿದ ಕೆಲವು ‘ಅಂತರಶಿಸ್ತೀಯ’ ಪ್ರಬಂಧಗಳಲ್ಲಿ ಮೊದಲ ಅಧ್ಯಾಯ ಫ್ರೆಂಚ್ ಚಿಂತಕ ಫೂಕೋ, ಎರಡನೆಯದು ತಾಲ್ಲೂಕಿನ ಭೂಗೋಳ, ಕೊನೆಗೆ ಬಣ್ಣದ ಫೋಟೋಗಳು. ಫೋಟೋದಲ್ಲಿರುವ ಕಲ್ಲಿನ ಮೇಲೆ ಏನು ಬರೆದಿದೆ ಅಂತ ವೈವಾದಲ್ಲಿ ಕೇಳಿದರೆ ಅಭ್ಯರ್ಥಿ ಗೈಡ್ ಮುಖ ನೋಡುತ್ತಾರೆ.

ನಿಮ್ಮ ವಿಷಯಕ್ಕೆ ಬರೋಣ. ನಿಮ್ಮದು ಇತಿಹಾಸದ ಎಂ.ಎ. ಆದ್ದರಿಂದ ನೋಂದಣಿ ಇತಿಹಾಸ ವಿಭಾಗದಲ್ಲೇ ಇರಲಿ, ಬೇರೆ ವಿಭಾಗದ ಸಹ-ಮಾರ್ಗದರ್ಶಕರಿಗೆ ಅವಕಾಶವಿದೆಯೇ ಅಂತ ವಿಶ್ವವಿದ್ಯಾಲಯದ ನಿಯಮ ನೋಡಿ. ಇದು ಭಯದ ಮಾತಲ್ಲ, ಹೊಟ್ಟೆಪಾಡಿನ ಮಾತು. ಅಧ್ಯಾಪಕರ ಅರ್ಹತಾ ಪರೀಕ್ಷೆಗಳಾದ ನೆಟ್ ಆಗಲಿ ಕೆ-ಸೆಟ್ ಆಗಲಿ ಒಂದು ವಿಷಯದಲ್ಲಿ ಬರೆಯಬೇಕು, ಕಾಲೇಜಿನ ಹುದ್ದೆಯೂ ಒಂದು ವಿಷಯಕ್ಕೇ ಕರೆಯುತ್ತಾರೆ. ಹಳಗನ್ನಡ ಲಿಪಿ ಕಲಿಯಿರಿ. ಕನ್ನಡ ಸಾಹಿತ್ಯ ಪರಿಷತ್ತಿನ ಶಾಸನಶಾಸ್ತ್ರ ತರಗತಿಗಳಂಥವು ಇವೆ. ಕೆಲವು ತಿಂಗಳು ಪಟ್ಟು ಹಿಡಿದರೆ ಹೊಯ್ಸಳ ಕಾಲದ ದುಂಡಗಿನ ಅಕ್ಷರ ಒಲಿಯುತ್ತದೆ, ಗಂಗರ ಕಾಲದ್ದು ಸತಾಯಿಸುತ್ತದೆ. ಬೆಂಗಳೂರಿನವರಾದರೆ ಮಿಥಿಕ್ ಸೊಸೈಟಿಯವರು ಸುತ್ತಮುತ್ತಲ ಶಾಸನಗಳ 3ಡಿ ಸ್ಕ್ಯಾನ್ ಮಾಡುತ್ತಿರುವುದನ್ನು ನೋಡಿ, ಸವೆದ ಅಕ್ಷರ ಓದಲು ಅದು ಟಾರ್ಚಿಗಿಂತ ಎಷ್ಟೋ ಮೇಲು.

ನಿಮ್ಮ ಚಿತ್ರಕಲೆಯನ್ನು ಹವ್ಯಾಸ ಅಂತ ಪಕ್ಕಕ್ಕಿಡಬೇಡಿ. ಕಲ್ಲಿನ ಮುಂದೆ ಕೂತು ಅಳತೆ ಹಿಡಿದು ಪೆನ್ಸಿಲ್‌ನಲ್ಲಿ ಬಿಡಿಸಿ. ಮೊಬೈಲ್ ಫೋಟೋ ತೆಗೆದವನಿಗೆ ಕಾಣದ್ದು ಆಗ ಕಾಣುತ್ತದೆ: ಹಸುಗಳು ಯಾವ ಕಡೆ ಮುಖ ಮಾಡಿವೆ, ವೀರನ ಕತ್ತಿ ಎದುರಾಳಿಯದಕ್ಕಿಂತ ಬೇರೆ ಆಕಾರವೇ, ಬರಹಕ್ಕೆ ಮೊದಲೇ ಜಾಗ ಬಿಟ್ಟಿದ್ದರೋ ಆಮೇಲೆ ತುರುಕಿದರೋ. ಈ ಕೊನೆಯದು ಬಹಳ ಮುಖ್ಯ. ಅಕ್ಷರ ಇಕ್ಕಟ್ಟಾಗಿದ್ದರೆ ಶಿಲ್ಪಿ ಕಲ್ಲನ್ನು ಮೊದಲೇ ಮಾಡಿಟ್ಟಿದ್ದು, ಹೆಸರನ್ನು ಕೊನೆಗೆ ಸೇರಿಸಿದ್ದಿರಬಹುದು. ಅಲ್ಲಿಂದ ಶಿಲ್ಪಿಗಳ ಕಸುಬಿನ ಆರ್ಥಿಕತೆಯ ಕಡೆಗೊಂದು ದಾರಿ ತೆರೆಯುತ್ತದೆ. ಅದರ ಮೇಲೆ ಆಗಿರುವ ಕೆಲಸ ಸಾಲದು. ನನಗೆ ಈಗ ಪಿಎಚ್.ಡಿ. ಮಾಡುವ ವಯಸ್ಸಿದ್ದಿದ್ದರೆ ಅದನ್ನೇ ಹಿಡಿಯುತ್ತಿದ್ದೆ.

ಗೈಡ್ ಹತ್ತಿರ ಹೋಗುವಾಗ ಇಡೀ ಕರ್ನಾಟಕದ ವಿಷಯ ಒಯ್ಯಬೇಡಿ, ಒಂದು ಹೋಬಳಿ ಸಾಕು. ನಿಮ್ಮ ತಾಲ್ಲೂಕು ಯಾವುದು ಅಂತ ಕೆಳಗೆ ಬರೆದರೆ ಎಪಿಗ್ರಾಫಿಯಾದ ಯಾವ ಸಂಪುಟ ತೆಗೆಯಬೇಕು ಅಂತ ಹೇಳುತ್ತೇನೆ. ಸೊರಬ, ಸಾಗರದ ಕಡೆಯವರಾದರೆ ರೈಸ್ ಅವರ ಎಂಟನೇ ಸಂಪುಟ, ಶಿಕಾರಿಪುರವಾದರೆ ಏಳನೆಯದು.