ಅಪರಾಧಶಾಸ್ತ್ರ ಎಂ.ಎ.: ಎಲ್ಲರೂ ಸೈಬರ್ ಅಂತಿದ್ದಾರೆ, ನಾನೇನು ತಗೊಳ್ಳಲಿ?

ಪ್ರಶ್ನೆ: ಎಂ.ಎ. ಅಪರಾಧಶಾಸ್ತ್ರ ಎರಡನೇ ವರ್ಷಕ್ಕೆ ಬಂದಿದ್ದೇನೆ. ಸೈಬರ್ ಅಪರಾಧ, ವಿಕ್ಟಿಮಾಲಜಿ (ಅಪರಾಧದಿಂದ ನೊಂದವರ ಅಧ್ಯಯನ), ಜೈಲು ಮತ್ತು ಶಿಕ್ಷೆ, ಅಪರಾಧ ಅಂಕಿಅಂಶ, ಇವುಗಳಲ್ಲಿ ಒಂದು ಐಚ್ಛಿಕ ಪೇಪರ್ ಆರಿಸಬೇಕು. ಗೆಳತಿಯರೆಲ್ಲ ಸೈಬರ್ ಕಡೆ ಹೊರಟಿದ್ದಾರೆ. ನನಗೆ ದೌರ್ಜನ್ಯಕ್ಕೊಳಗಾದ ಹೆಣ್ಣುಮಕ್ಕಳ ಜೊತೆ ಕೆಲಸ ಮಾಡುವ ಆಸೆ. ಲೆಕ್ಕ ಅಂದ್ರೆ ಭಯ.

ಉತ್ತರ: ವಿಕ್ಟಿಮಾಲಜಿ ತಗೊಳ್ಳಿ. ಆಸೆ ಏನು ಅಂತ ನೀವೇ ಹೇಳಿದ್ದೀರಿ, ಗೆಳತಿಯರು ಎತ್ತ ಹೋದರೇನು?

ಆದರೆ ಬರೀ ಹೆಸರು ನೋಡಿ ಫಾರ್ಮ್ ತುಂಬಬೇಡಿ, ಮೊದಲು ಸಿಲಬಸ್ ಓದಿ. 2024ರ ಜುಲೈ 1ರಿಂದ ಐಪಿಸಿ (ಅಪರಾಧ, ಶಿಕ್ಷೆಯ ಕಾನೂನು), ಸಿಆರ್‌ಪಿಸಿ (ತನಿಖೆ, ವಿಚಾರಣೆಯ ಕಾನೂನು) ಎರಡೂ ಹೋಗಿ ಹೊಸ ಸಂಹಿತೆಗಳು ಬಂದಿವೆ. ಸಂತ್ರಸ್ತರ ಪರಿಹಾರಕ್ಕೆ ಮೊದಲು ಸಿಆರ್‌ಪಿಸಿಯ 357ಎ ಸೆಕ್ಷನ್ ಇತ್ತು, ಈಗ ಅದರ ಜಾಗಕ್ಕೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ 396. ತನಿಖೆ ಎಲ್ಲಿಗೆ ಬಂತು ಅಂತ ಪೊಲೀಸರು 90 ದಿನದೊಳಗೆ ಸಂತ್ರಸ್ತರಿಗೆ ತಿಳಿಸಬೇಕು ಅನ್ನೋದು ಅದೇ ಸಂಹಿತೆಯ 193ನೇ ಸೆಕ್ಷನ್ನಿನಲ್ಲಿದೆ. ನಾಳೆ ನಿಮ್ಮೆದುರು ಕೂತ ಹೆಣ್ಣುಮಗಳು ಕೇಳೋದು ಇದನ್ನೇ, ಅಲ್ವಾ? ಇವು ಯಾವುದೂ ಇಲ್ಲದೆ, 'ಸಂತ್ರಸ್ತರದ್ದೇ ತಪ್ಪೆಷ್ಟು' ಅಂತ ಅಳೆಯುವ, ಈ ವಿಷಯದ ಆರಂಭದ ವಿದ್ವಾಂಸ ಮೆಂಡೆಲ್ಸನ್‌ನ ಹಳೇ ವರ್ಗೀಕರಣವನ್ನೇ ಸೆಮಿಸ್ಟರ್ ಪೂರ್ತಿ ಎಳೆಯುತ್ತಾರೆ ಅಂದ್ರೆ ಆ ಪೇಪರ್ ನಿಮಗೆ ಜಾಸ್ತಿ ಉಪಯೋಗವಿಲ್ಲ. ಫೀಲ್ಡ್ ವರ್ಕ್ ಇದೆಯಾ ಅಂತಲೂ ಸೀನಿಯರ್‌ಗಳನ್ನು ಕೇಳಿ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೋ ದೌರ್ಜನ್ಯಕ್ಕೊಳಗಾದ ಹೆಂಗಸರಿಗೆ ನೆರವು ಕೊಡುವ ಸಖಿ ಕೇಂದ್ರಕ್ಕೋ ಕಳಿಸುವ ಮೇಷ್ಟ್ರು ಇದ್ದರೆ ಬೇರೆ ಯೋಚನೆಯೇ ಬೇಡ.

ಸೈಬರ್ ಬಗ್ಗೆ ಒಂದೇ ಮಾತು. ಎಂ.ಎ.ಯಲ್ಲಿ ಅದು ಬಹುಪಾಲು 2000ದ ಐಟಿ ಕಾಯ್ದೆಯ ಓದು. ಫೋನ್ ಬಿಚ್ಚಿ ಡೇಟಾ ತೆಗೆಯುವ ಕೆಲಸ ಬೇಕಿದ್ದವರಿಗೆ ದಾರಿಯೇ ಬೇರೆ, ರಾಷ್ಟ್ರೀಯ ವಿಧಿವಿಜ್ಞಾನ (ಫೊರೆನ್ಸಿಕ್) ವಿಶ್ವವಿದ್ಯಾಲಯದ ಕ್ಯಾಂಪಸ್ ಧಾರವಾಡದಲ್ಲೇ ಇದೆ. ಜೈಲಿನ ಪೇಪರ್ ಪ್ರೊಬೇಷನ್ (ಅಪರಾಧಿಯನ್ನು ಜೈಲಿಗೆ ಹಾಕದೆ ನಿಗಾದಲ್ಲಿಡುವ ವ್ಯವಸ್ಥೆ) ಕಡೆ ಹೋಗುವವರಿಗೆ ಒಳ್ಳೇದು.

ಇನ್ನು ನಿಮ್ಮ ಲೆಕ್ಕದ ಭಯ. ದೇಶದ ಅಪರಾಧ ಲೆಕ್ಕ ಇಡುವ ಕೇಂದ್ರ ಸಂಸ್ಥೆ ಎನ್‌ಸಿಆರ್‌ಬಿಯ 'ಕ್ರೈಮ್ ಇನ್ ಇಂಡಿಯಾ' ವರದಿಯ ಪಟ್ಟಿ ತೆಗೆದು ನೋಡಿ. ಒಬ್ಬ ರಾತ್ರಿ ಮನೆಗೆ ನುಗ್ಗಿ, ಒಡವೆ ಕದ್ದು, ಅಡ್ಡ ಬಂದವರನ್ನು ಕೊಂದ ಅಂದುಕೊಳ್ಳಿ. ಎಫ್‌ಐಆರ್ ಒಂದೇ ಆದ್ದರಿಂದ ಅಲ್ಲಿ ಲೆಕ್ಕಕ್ಕೆ ಬರೋದು ಕೊಲೆ ಮಾತ್ರ, ಕಳವು ಆ ಪಟ್ಟಿಯಲ್ಲಿ ಕಾಣಿಸೋದೇ ಇಲ್ಲ. ಅತಿ ಗಂಭೀರ ಅಪರಾಧವನ್ನಷ್ಟೇ ಎಣಿಸುವ ನಿಯಮ ಅದು. ಇನ್ನೊಂದು, ಜಿಲ್ಲೆಯಲ್ಲಿ ಕೇಸು ಏರಿದೆ ಅಂದ್ರೆ ಅಪರಾಧವೇ ಏರಿರಬೇಕು ಅಂತಿಲ್ಲ. ಹೆಂಗಸರು ಧೈರ್ಯವಾಗಿ ಠಾಣೆಗೆ ಬರ್ತಿರಬಹುದು, ಪೊಲೀಸರೂ ಸುಮ್ನೆ ವಾಪಸ್ ಕಳಿಸದೆ ದೂರು ಬರೆದುಕೊಳ್ತಿರಬಹುದು. ನೀವು ಮಾಡಬೇಕೆಂದಿರುವ ಕೆಲಸಕ್ಕೆ ಈ ವ್ಯತ್ಯಾಸ ಗೊತ್ತಿರಲೇಬೇಕು, ಇದರಲ್ಲಿ ಕೂಡೋದು ಕಳೆಯೋದಕ್ಕಿಂತ ಜಾಸ್ತಿ ಲೆಕ್ಕವೂ ಇಲ್ಲ. ಅಂಕಿಅಂಶದ ಕ್ಲಾಸಿಗೆ ಪರೀಕ್ಷೆ ಬರೆಯದಿದ್ದರೂ ಹೋಗಿ ಕೂರಿ, ಮೇಷ್ಟ್ರನ್ನು ಕೇಳಿದರೆ ಬೇಡ ಅನ್ನಲಿಕ್ಕಿಲ್ಲ. ಹಾಗೇ ಪೇಪರ್ ಬದಲಿಸಲು ಕೊನೇ ದಿನ ಯಾವುದು ಅಂತ ಆಫೀಸಿನಲ್ಲಿ ಈಗಲೇ ವಿಚಾರಿಸಿಟ್ಟುಕೊಳ್ಳಿ.