ಬಿಟ್ಟ ತೆರಿಗೆಗೆ ಬದಲು ಹಣ ಎಲ್ಲಿ?

ದಾವಣಗೆರೆಯ ಓದುಗರೊಬ್ಬರು ಬರೆದಿದ್ದಾರೆ: ‘ಅಮೆರಿಕದ ಬಜೆಟ್ 1998ರಿಂದ 2001ರವರೆಗೆ ಮಿಗತೆ ಕಂಡದ್ದು ಕಂಪ್ಯೂಟರ್ ಭರಾಟೆಯಿಂದ. ಕೊರತೆ ತಗ್ಗಿಸುವ ಕಾಯ್ದೆಗಳೆಲ್ಲ ಕಾಗದದ ಹುಲಿಗಳು. ಅಂದಹಾಗೆ, ಟೆಕ್ಸಾಸ್‌ನಿಂದ ಮಗ ಕಳಿಸುವ ಹಣಕ್ಕೂ ಈಗ ತೆರಿಗೆಯಂತೆ, ನಿಜವೇ?’

ಭರಾಟೆ ಇದ್ದದ್ದು ನಿಜ. ಷೇರುಪೇಟೆ ಏರಿತು, ಬಂಡವಾಳ ಲಾಭದ ತೆರಿಗೆ ಹರಿದುಬಂತು. ಆದರೆ ಬಂದ ಹಣ ಸೋರಿಹೋಗದಂತೆ ತಡೆದದ್ದು ಯಾವುದು ಎಂದು ನೀವು ಕೇಳಲೇ ಇಲ್ಲವಲ್ಲ!

ಕಾಗದದ ಹುಲಿ ಎಂಬ ಮಾತು 1985ರ ಗ್ರಾಮ್-ರಡ್ಮನ್-ಹಾಲಿಂಗ್ಸ್ ಕಾಯ್ದೆಗೆ ಒಪ್ಪುತ್ತದೆ. ಅದು ಕೊರತೆಗೆ ವರ್ಷವಾರು ಗುರಿ ಬರೆದಿಟ್ಟಿತು: 1986ಕ್ಕೆ 17,190 ಕೋಟಿ ಡಾಲರ್, 1991ಕ್ಕೆ ಸೊನ್ನೆ. ಮೊದಲ ವರ್ಷವೇ ಕೊರತೆ 22,100 ಕೋಟಿ ದಾಟಿತು. ಗುರಿ ತಪ್ಪಿದೆಯೇ ಎಂದು ನೋಡುತ್ತಿದ್ದದ್ದು ಅಂದಾಜಿನಲ್ಲಿ, ಅದೂ ವರ್ಷಕ್ಕೆ ಒಮ್ಮೆ ಮಾತ್ರ. ಆ ದಿನ ಕಳೆದರೆ ಎಷ್ಟು ಮೀರಿದರೂ ಕೇಳುವವರಿಲ್ಲ. ಅಲ್ಲಿ ಹಣಕಾಸು ವರ್ಷ ಶುರುವಾಗುವುದು ಅಕ್ಟೋಬರ್ 1ಕ್ಕೆ. 1989ರಲ್ಲಿ ಆ ದಿನ ಕೊಡಬೇಕಿದ್ದ ಸೈನಿಕರ ಸಂಬಳವನ್ನು ಸೆಪ್ಟೆಂಬರ್ ಕೊನೆಗೇ ಬಟವಾಡೆ ಮಾಡಿದರು. ಖರ್ಚು ತಪಾಸಣೆ ಮುಗಿದ ಹಳೆಯ ವರ್ಷಕ್ಕೆ ಬಿತ್ತು, ಹೊಸ ವರ್ಷದ ಲೆಕ್ಕ ಹಗುರವಾಯಿತು. ಉಳಿದದ್ದು ಒಂದು ಡಾಲರೂ ಇಲ್ಲ.

1990ರ ನವೆಂಬರ್‌ನ ಕಾಯ್ದೆ ದಾರಿ ಬದಲಿಸಿ ಒಂದೊಂದು ಮಸೂದೆಯ ಲೆಕ್ಕ ಹಿಡಿಯಿತು. ತೆರಿಗೆ ಇಳಿಸುತ್ತೀರಾ? ಇನ್ನೊಂದನ್ನು ಏರಿಸಿ, ಇಲ್ಲವೇ ಕಾಯಂ ಸವಲತ್ತು ಕಡಿತಗೊಳಿಸಿ. ವರ್ಷದ ಒಟ್ಟು ಲೆಕ್ಕದಲ್ಲಿ ಹೊಸ ಕಾಯ್ದೆಗಳು ಕೊರತೆ ಹೆಚ್ಚಿಸಿದ್ದರೆ ತಾನಾಗಿಯೇ ಕತ್ತರಿ: ಸೋಶಿಯಲ್ ಸೆಕ್ಯುರಿಟಿ ಪಿಂಚಣಿಗೆ ವಿನಾಯಿತಿ, ವೃದ್ಧರ ಆರೋಗ್ಯ ವಿಮೆ ಮೆಡಿಕೇರ್‌ಗೆ ಹೆಚ್ಚೆಂದರೆ ಶೇ 4. ‘ಹೊಸ ತೆರಿಗೆ ಇಲ್ಲ’ ಎಂದು 1988ರಲ್ಲಿ ಮಾತು ಕೊಟ್ಟಿದ್ದ ಹಿರಿಯ ಬುಷ್ ಇದಕ್ಕೆ ಸಹಿ ಹಾಕಿದರು, ಆದಾಯ ತೆರಿಗೆಯ ಗರಿಷ್ಠ ದರ ಶೇ 28ರಿಂದ 31ಕ್ಕೆ ಏರಿತು. ಅದನ್ನು ದ್ರೋಹ ಎಂದವರು ಬಹಳ. ನನ್ನ ಕಣ್ಣಿಗೆ ಅದು ಅವರ ಅತ್ಯಂತ ದಿಟ್ಟ ಸಹಿ. 1993ರಲ್ಲಿ ಕ್ಲಿಂಟನ್ ಆ ದರವನ್ನು ಶೇ 39.6ಕ್ಕೆ ಒಯ್ದಾಗ ಕೆಳಮನೆಯಲ್ಲಿ 218-216, ಸೆನೆಟ್‌ನಲ್ಲಿ ಸಮಬಲ; ಉಪಾಧ್ಯಕ್ಷ ಗೋರ್ ಮತದಿಂದ ದಡ ಸೇರಿತು.

ಮಿಗತೆ ಕಂಡದ್ದೇ ತಡ, ನಿಯಮ ಸಡಿಲವಾಯಿತು. 2001ರಲ್ಲಿ ಬದಲು ತೋರಿಸದೆಯೇ ತೆರಿಗೆ ಇಳಿಸಿದರು. 2002ಕ್ಕೆ ಕೊರತೆ ಮರಳಿತು. ಹಿಂಜರಿತವೂ ಸೇರಿತ್ತು, ಒಪ್ಪುತ್ತೇನೆ. 2025ರ ಜುಲೈ ಕಾಯ್ದೆಯಲ್ಲಂತೂ ಹಳೆಯ ತೆರಿಗೆ ರಿಯಾಯಿತಿ ಮುಂದುವರಿಸುವುದು ಖರ್ಚೇ ಅಲ್ಲವೆಂದು ಸೆನೆಟ್ ಲೆಕ್ಕ ಹಾಕಿತು. ಸಂಸತ್ತಿನದೇ ಬಜೆಟ್ ಕಚೇರಿಯ ಅಂದಾಜಿನಲ್ಲಿ ಹತ್ತು ವರ್ಷಕ್ಕೆ 3.4 ಲಕ್ಷ ಕೋಟಿ ಡಾಲರ್ ಹೆಚ್ಚುವರಿ ಕೊರತೆ.

ನಮ್ಮ 2003ರ ವಿತ್ತೀಯ ಹೊಣೆಗಾರಿಕೆ ಕಾಯ್ದೆಯೂ ಗುರಿ ನೆಚ್ಚಿಕೊಂಡದ್ದೇ. ಕೊರತೆಯನ್ನು ಜಿಡಿಪಿಯ ಶೇ 3ಕ್ಕೆ ಇಳಿಸುವ ಗಡುವು ಮತ್ತೆ ಮತ್ತೆ ಮುಂದೆ ಹೋಯಿತು. ಲೆಕ್ಕ ಕೇಳಬೇಕಾದ ಲೋಕಸಭೆ 2018ರ ಮಾರ್ಚ್‌ನಲ್ಲಿ ಇಲಾಖೆಗಳ ಬೇಡಿಕೆಗಳನ್ನೂ ಹಣಕಾಸು ಮಸೂದೆಯನ್ನೂ ಚರ್ಚೆಯಿಲ್ಲದೆ ಗಿಲೋಟಿನ್ ಮಾಡಿ ಅಂಗೀಕರಿಸಿತು. ನಿಮ್ಮಂಥ ಓದಿದವರಾದರೂ ಇದಕ್ಕೆ ಸಿಟ್ಟಾಗಬೇಡವೇ?

ಇನ್ನು ಮಗನ ಹಣ. ಆ 2025ರ ಕಾಯ್ದೆಯ ಕರಡಿನಲ್ಲಿ ಶೇ 5 ಇತ್ತು, ಕೊನೆಗೆ ಶೇ 1ಕ್ಕೆ ನಿಂತಿತು. 2026ರ ಜನವರಿ 1ರಿಂದ ನಗದು, ಮನಿ ಆರ್ಡರ್ ಅಥವಾ ಕ್ಯಾಷಿಯರ್ಸ್ ಚೆಕ್ (ಬ್ಯಾಂಕೇ ಬರೆದುಕೊಡುವ ಚೆಕ್) ಕೊಟ್ಟು ಕಳಿಸಿದರೆ ಮಾತ್ರ ಬೀಳುತ್ತದೆ: ಸಾವಿರ ಡಾಲರಿಗೆ ಹತ್ತು. ಅಲ್ಲಿನ ಬ್ಯಾಂಕ್ ಖಾತೆಯಿಂದ ಅಥವಾ ಅಲ್ಲಿನ ಡೆಬಿಟ್, ಕ್ರೆಡಿಟ್ ಕಾರ್ಡಿನಿಂದ ಕಳಿಸಲು ಹೇಳಿ, ಏನೂ ಕಟ್ಟಬೇಕಿಲ್ಲ.