ಕೋಡ್ ಓಡುತ್ತದೆ, ವೈವಾದಲ್ಲಿ ಬಾಯಿ ಕಟ್ಟುತ್ತದೆ

ಪ್ರಶ್ನೆ: ಪ್ರೋಗ್ರಾಮಿಂಗ್ ಕೋರ್ಸ್‌ನ ಕೊನೆಯಲ್ಲಿ ನಮಗೆ ಹತ್ತು ನಿಮಿಷದ ಪ್ರೆಸೆಂಟೇಶನ್, ಅದರ ಬೆನ್ನಿಗೇ ವೈವಾ (ಮೌಖಿಕ ಪರೀಕ್ಷೆ) ಇದೆ. ನನ್ನ ಪ್ರಾಜೆಕ್ಟ್ ಸರಿಯಾಗಿಯೇ ಓಡುತ್ತದೆ. ಆದರೆ ಕಳೆದ ಸಲ ‘ಈ ಸಾಲು ಯಾಕೆ ಹೀಗಿದೆ?’ ಎಂದು ಕೇಳಿದಾಗ ಏನೂ ತೋಚಲಿಲ್ಲ. ಒಂದೆರಡು ಫಂಕ್ಷನ್‌ಗಳಿಗೆ ಗೆಳೆಯನ ಸಹಾಯವನ್ನೂ ಪಡೆದಿದ್ದೆ. ಉತ್ತರಗಳನ್ನು ಬಾಯಿಪಾಠ ಮಾಡಿಕೊಂಡು ಹೋಗಲೇ?

ಉತ್ತರ: ಬಾಯಿಪಾಠದಿಂದ ಮೊದಲ ಪ್ರಶ್ನೆ ದಾಟಬಹುದು, ಎರಡನೆಯದಕ್ಕೆ ಅದು ಕೈಕೊಡುತ್ತದೆ. ಕೋಡ್ ಓಡುತ್ತದೆ ಎಂಬುದು ಪರೀಕ್ಷಕರಿಗೆ ಆಗಲೇ ಗೊತ್ತಿರುತ್ತದೆ. ಒಂದು ಸಾಲು ಬದಲಿಸಿದರೆ ಏನಾಗುತ್ತದೆ ಎಂದು ನೀವು ಓಡಿಸದೆಯೇ ಹೇಳಬಲ್ಲಿರಾ? ಅವರು ನೋಡುವುದು ಇದನ್ನು.

ನೀವು ಬೈನರಿ ಸರ್ಚ್ (ಪಟ್ಟಿಯನ್ನು ಪ್ರತಿ ಸುತ್ತಿಗೂ ಅರ್ಧ ಮಾಡುತ್ತಾ ಹುಡುಕುವ ವಿಧಾನ) ಬರೆದಿದ್ದೀರಿ ಎನ್ನೋಣ. ಏರಿಕೆ ಕ್ರಮದಲ್ಲಿ ಜೋಡಿಸಿಟ್ಟ ಹತ್ತು ಲಕ್ಷ ಸಂಖ್ಯೆಗಳಲ್ಲಿ ಹುಡುಕಲು ಹೆಚ್ಚೆಂದರೆ 20 ಸುತ್ತು ಸಾಕು ಎಂದು ಎಲ್ಲರೂ ಒಪ್ಪಿಸುತ್ತಾರೆ. ಆಗ ಪರೀಕ್ಷಕರು ಲೂಪ್‌ನ (ಮತ್ತೆ ಮತ್ತೆ ಓಡುವ ಭಾಗದ) ಷರತ್ತಿಗೆ ಬೆರಳಿಟ್ಟು, ‘ಇಲ್ಲಿ <= ತೆಗೆದು < ಹಾಕಿದರೆ?’ ಎನ್ನುತ್ತಾರೆ. ಗಾಬರಿಯಾಗಬೇಡಿ, ಕಾಗದ ಕೇಳಿ. 7 ಒಂದೇ ಇರುವ ಪಟ್ಟಿ ಬರೆದುಕೊಳ್ಳಿ. ಎಡ ತುದಿಯ ಸೂಚಿ (ಸ್ಥಾನದ ಸಂಖ್ಯೆ) 0, ಬಲ ತುದಿಯದೂ 0. ಸೊನ್ನೆಗಿಂತ ಸೊನ್ನೆ ಚಿಕ್ಕದಲ್ಲ, ಹಾಗಾಗಿ ಲೂಪ್ ಒಳಗೆ ಹೋಗುವುದೇ ಇಲ್ಲ; ಇರುವ 7 ‘ಸಿಗಲಿಲ್ಲ’ ಎಂದು ಬರುತ್ತದೆ. ಈ ಡ್ರೈ ರನ್ ಅನ್ನು (ಕಂಪ್ಯೂಟರಿನಲ್ಲಿ ಓಡಿಸದೆ ಕಾಗದದ ಮೇಲೆ ಹೆಜ್ಜೆ ಹೆಜ್ಜೆಯಾಗಿ ನೋಡುವುದನ್ನು) ಗಟ್ಟಿಯಾಗಿ ಮಾತಾಡುತ್ತಾ ಮಾಡಿ. ನಡುವೆ ತಪ್ಪಿ, ತಿದ್ದಿಕೊಂಡರೂ ಚಿಂತೆಯಿಲ್ಲ. ತಡವರಿಸಿಯಾದರೂ ತಾನೇ ದಾರಿ ಹುಡುಕುವ ವಿದ್ಯಾರ್ಥಿಗೆ ನಾನು ಯಾವಾಗಲೂ ಹೆಚ್ಚು ಅಂಕ ಕೊಡುತ್ತೇನೆ. ‘ಗೊತ್ತಿಲ್ಲ’ ಎನ್ನುವುದೂ ತಪ್ಪಲ್ಲ, ಆದರೆ ಅಲ್ಲಿಗೇ ನಿಲ್ಲಿಸಬೇಡಿ. ‘ಗೊತ್ತಿಲ್ಲ, ಇಲ್ಲೊಂದು ಪ್ರಿಂಟ್ ಹಾಕಿ ನೋಡುತ್ತೇನೆ’ ಎಂದರೆ ಅದೂ ಉತ್ತರವೇ.

ನಿಮ್ಮ ಭಾಷೆ ಪೈಥಾನ್ ಆದರೆ ಇನ್ನೊಂದನ್ನು ಖಂಡಿತ ನೋಡಿಕೊಳ್ಳಿ. ಒಂದು ಲಿಸ್ಟನ್ನು ಇನ್ನೊಂದು ಹೆಸರಿಗೆ ಕೊಟ್ಟರೆ ನಕಲು ಆಗುವುದಿಲ್ಲ, ಒಂದೇ ಲಿಸ್ಟಿಗೆ ಎರಡು ಹೆಸರಾಗುತ್ತದೆ. ಒಂದರಲ್ಲಿ ಸೇರಿಸಿದ್ದು ಇನ್ನೊಂದರಲ್ಲೂ ಕಾಣುತ್ತದೆ. ತಮ್ಮದೇ ಕೋಡಿನಲ್ಲಿ ಇದು ಇರುವುದು ಎಷ್ಟೋ ಮಂದಿಗೆ ವೈವಾದಲ್ಲೇ ತಿಳಿಯುತ್ತದೆ.

ಪ್ರೆಸೆಂಟೇಶನ್ ವಿಚಾರ ಸರಳ. ಸ್ಲೈಡ್ ತುಂಬ ಕೋಡ್ ಅಂಟಿಸಬೇಡಿ, ಹಿಂದಿನ ಸಾಲಿನವರಿಗೆ ಅದು ಕಾಣುವುದಿಲ್ಲ. ಸಮಸ್ಯೆ ಏನೆಂದು ಒಂದು ನಿಮಿಷ ಹೇಳಿ, ತಕ್ಷಣ ಪ್ರೋಗ್ರಾಮ್ ಓಡಿಸಿ ತೋರಿಸಿ. ಖಾಲಿ ಇನ್‌ಪುಟ್ ಕೊಟ್ಟಾಗ ಏನಾಗುತ್ತದೆ ಎಂಬುದನ್ನು ಯಾರಾದರೂ ಕೇಳುವ ಮೊದಲು ನೀವೇ ತೋರಿಸಿ. ಉಳಿದ ಸಮಯವನ್ನು ನೀವು ತಲೆಕೆಡಿಸಿಕೊಂಡ ಒಂದೇ ಒಂದು ನಿರ್ಧಾರಕ್ಕೆ ಕೊಡಿ: ಲಿಸ್ಟ್ ಬಿಟ್ಟು ಡಿಕ್ಷನರಿ (ಹೆಸರು ಕೊಟ್ಟರೆ ಅದರ ಮೌಲ್ಯ ಕೊಡುವ ಸಂಗ್ರಹ) ಆರಿಸಿದ್ದೇಕೆ, ಮೊದಲು ಏನು ಕೆಟ್ಟಿತ್ತು. ಡೆಮೊ ಕೈಕೊಟ್ಟರೆ ಇರಲಿ ಎಂದು ಸ್ಕ್ರೀನ್ ರೆಕಾರ್ಡಿಂಗ್ ಒಂದು ಜೊತೆಗಿರಲಿ.

ಇನ್ನು ಗೆಳೆಯನ ಸಹಾಯ. ಎಷ್ಟು ಸಹಾಯ ಪಡೆಯಬಹುದು ಎಂಬ ನಿಯಮವನ್ನು ನಿಮ್ಮ ಶಿಕ್ಷಕರಲ್ಲಿ ಈಗಲೇ ಕೇಳಿ, ಪಡೆದದ್ದನ್ನು ನೀವಾಗಿಯೇ ಹೇಳಿಬಿಡಿ. ಮುಚ್ಚಿಟ್ಟರೆ ಮೂರನೇ ಪ್ರಶ್ನೆಗೆ ಹೊರಬರುತ್ತದೆ. ಎಐ ಬರೆದುಕೊಟ್ಟ ಕೋಡಿಗೂ ಇದೇ ಮಾತು. ಆಮೇಲೆ ಆ ಫಂಕ್ಷನ್‌ಗಳನ್ನು ಅಳಿಸಿ, ಖಾಲಿ ಫೈಲ್‌ನಲ್ಲಿ ನೋಡದೆ ಮತ್ತೆ ಬರೆಯಿರಿ. ಎಲ್ಲಿ ಕೈ ನಿಲ್ಲುತ್ತದೋ ವೈವಾಕ್ಕೆ ಓದಬೇಕಾದದ್ದು ಆ ಜಾಗವನ್ನೇ.